18 ಎಂ.ಎಂ. ಒಳಗಿನ ಮಾತುಕತೆ

ಮಗುವಿಗಾಗಿ ಕಾಯುತ್ತಿರುವ ಮನೆಗಳಲ್ಲಿ ತಿಂಗಳಿಗೊಮ್ಮೆ ಒಂದು ಸಂಖ್ಯೆಯ ಮೇಲೆ ಎಲ್ಲರ ಕಣ್ಣು. ಮುಟ್ಟಾದ ಒಂಬತ್ತು ಹತ್ತನೇ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನ್. ಆಸ್ಪತ್ರೆಯಿಂದ ಬಂದ ಸೊಸೆಯನ್ನು ಅತ್ತೆ ಮೊದಲು ಕೇಳುವುದು ಅದನ್ನೇ: ‘ಮೊಟ್ಟೆ ಎಷ್ಟು ಬೆಳೆದಿದೆಯಂತಮ್ಮಾ?’ 12 ಎಂ.ಎಂ. ಅಂದರೆ ಇನ್ನೂ ಕಾಯಬೇಕು. 18 ಎಂ.ಎಂ. ಅಂದರೆ ಮನೆಯಲ್ಲಿ ನೆಮ್ಮದಿ. ‘ಬೆಳೀತಾನೇ ಇಲ್ಲ’ ಎಂದು ರಿಪೋರ್ಟ್ ಬಂದರೆ ಆ ಹೆಣ್ಣುಮಗಳು ಅದನ್ನು ತನ್ನದೇ ತಪ್ಪೆಂಬಂತೆ ಹೊತ್ತು ತಿರುಗುತ್ತಾಳೆ. ಆ ಭಾರ ಎಷ್ಟು ಅನ್ಯಾಯದ್ದು ಎಂದು ಅರಿಯಬೇಕಾದರೆ ಆ ಹದಿನೆಂಟು ಮಿಲಿಮೀಟರಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಮೊದಲನೆಯದಾಗಿ, ಸ್ಕ್ಯಾನಿನಲ್ಲಿ ಅಳೆಯುವುದು ಮೊಟ್ಟೆಯನ್ನಲ್ಲ. ಪೂರ್ತಿ ಬೆಳೆದ ಅಂಡಾಣುವಿನ ಅಗಲ ಸುಮಾರು 0.12 ಮಿಲಿಮೀಟರ್, ಸ್ಕ್ಯಾನಿಗೆ ಅದು ಕಾಣುವುದೇ ಇಲ್ಲ. ಮಾನಿಟರ್ ಮೇಲೆ ಕಪ್ಪಗೆ, ದುಂಡಗೆ ಕಾಣುವುದು ಅಂಡಾಣುವನ್ನು ಒಳಗಿಟ್ಟುಕೊಂಡಿರುವ, ದ್ರವ ತುಂಬಿದ ಚೀಲ. ಅದೇ ಫಾಲಿಕಲ್. ಈ ಗೊಂದಲ ನಮ್ಮದೊಂದೇ ಅಲ್ಲ. 1672ರಲ್ಲಿ ಡೆಲ್ಫ್ಟ್ ಊರಿನ ವೈದ್ಯ ರೇನಿಯರ್ ಡಿ ಗ್ರಾಫ್ ಅಂಡಾಶಯದ ಈ ಚೀಲಗಳನ್ನು ವಿವರವಾಗಿ ಬಣ್ಣಿಸಿದ. ಇವೇ ಮೊಟ್ಟೆಗಳೆಂದು ನಂಬಿದ. ನಿಜವಾದ ಅಂಡಾಣು ಕಣ್ಣಿಗೆ ಬೀಳಲು ಒಂದೂವರೆ ಶತಮಾನ ಹಿಡಿಯಿತು. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ನಾಯಿಯ ಅಂಡಾಶಯದ ಫಾಲಿಕಲ್ ಒಂದರಲ್ಲಿ ಹಳದಿ ಚುಕ್ಕೆಯೊಂದನ್ನು ಕಂಡು, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಅದು ತಿಳಿದದ್ದು.

ಈಗ ಲೆಕ್ಕಕ್ಕೆ ಬರೋಣ. ತಾಯಿಯ ಗರ್ಭದಲ್ಲಿ ಇಪ್ಪತ್ತು ವಾರ ತುಂಬುವ ಹೊತ್ತಿಗೆ ಹೆಣ್ಣುಭ್ರೂಣದ ಅಂಡಾಶಯಗಳಲ್ಲಿ ಅರವತ್ತರಿಂದ ಎಪ್ಪತ್ತು ಲಕ್ಷ ಅಂಡಾಣು ಕೋಶಗಳಿರುತ್ತವೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ. ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಬಂದು ಗರ್ಭನಾಳ ಸೇರುವುದು ಸುಮಾರು ನಾನೂರು ಮಾತ್ರ. ಉಳಿದವೆಲ್ಲ ಬೆಳವಣಿಗೆಯ ಒಂದಲ್ಲ ಒಂದು ಹಂತದಲ್ಲಿ ಕರಗಿಹೋಗುತ್ತವೆ. ಹಾಗಾದರೆ ಯಾವುದು ಎಚ್ಚರಗೊಳ್ಳಬೇಕು, ಯಾವುದು ಬೆಳೆಯಬೇಕು, ಯಾವುದು ಸಾಯಬೇಕು ಎಂದು ತೀರ್ಮಾನಿಸುವವರು ಯಾರು? ಬಹುಕಾಲ ಇದಕ್ಕಿದ್ದ ಉತ್ತರ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ. ಅಲ್ಲಿಂದ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಹಾರ್ಮೋನುಗಳು ಬರುತ್ತವೆ, ಅಂಡಾಶಯ ಹೇಳಿದಂತೆ ಕೇಳುತ್ತದೆ ಎಂದು. ಅದು ಕೊನೆಯ ಕೆಲವು ವಾರಗಳ ಮಟ್ಟಿಗೆ ನಿಜ. ಅದಕ್ಕೂ ಮೊದಲಿನ ಹಲವು ತಿಂಗಳು ಫಾಲಿಕಲ್ ಬೆಳೆಯುವುದು ಮುಖ್ಯವಾಗಿ ತನ್ನೊಳಗಿನ ಕೋಶಗಳ ನಡುವಿನ ಮಾತಿನಿಂದ.

ಮಲಗಿರುವ ಫಾಲಿಕಲ್ ಅತ್ಯಂತ ಸರಳ: ಒಂದು ಅಂಡಾಣು, ಅದರ ಸುತ್ತ ಚಪ್ಪಟೆ ಕೋಶಗಳ ಒಂದೇ ಪದರ. ಎಚ್ಚರವಾಗುತ್ತಿದ್ದಂತೆ ಆ ಚಪ್ಪಟೆ ಕೋಶಗಳು ಉಬ್ಬಿ ಘನಾಕಾರವಾಗುತ್ತವೆ, ಇಬ್ಭಾಗವಾಗುತ್ತ ಪದರದ ಮೇಲೆ ಪದರ ಕಟ್ಟುತ್ತವೆ. ಇವಕ್ಕೆ ಗ್ರಾನ್ಯುಲೋಸಾ ಕೋಶಗಳೆಂದು ಹೆಸರು. ಅವುಗಳ ಹೊರಗೆ ತೆಳ್ಳನೆಯ ಒಂದು ಪೊರೆ, ಪೊರೆಯಾಚೆ ಥೀಕಾ ಎಂಬ ಇನ್ನೊಂದು ಜಾತಿಯ ಕೋಶಗಳು. ರಕ್ತನಾಳಗಳು ಬಂದು ನಿಲ್ಲುವುದು ಥೀಕಾದವರೆಗೆ ಮಾತ್ರ. ಪೊರೆಯೊಳಕ್ಕೆ ಒಂದು ತೊಟ್ಟು ರಕ್ತವೂ ಹೋಗುವುದಿಲ್ಲ. ಅಂದರೆ ಅಂಡಾಣುವಿಗೆ ಬೇಕಾದದ್ದೆಲ್ಲ ಸುತ್ತಲಿನ ಕೋಶಗಳನ್ನು ಹಾದೇ ಬರಬೇಕು.

ಬೆಳೆಯುವ ಅಂಡಾಣು ತನ್ನ ಸುತ್ತ ಜೋನಾ ಪೆಲ್ಲುಸಿಡಾ ಎಂಬ ದಪ್ಪನೆಯ ಕವಚವನ್ನೂ ಕಟ್ಟಿಕೊಳ್ಳುತ್ತದೆ. ಆಗ ಸಂಪರ್ಕ ಕಡಿದುಹೋಗಬೇಕಲ್ಲ? ಇಲ್ಲ. ಗ್ರಾನ್ಯುಲೋಸಾ ಕೋಶಗಳು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳನೆಯ ಚಾಚುಗಳನ್ನು ಆ ಕವಚದ ಮೂಲಕ ತೂರಿಸಿ ಅಂಡಾಣುವಿನ ಮೈ ಮುಟ್ಟುತ್ತವೆ. ತುದಿಯಲ್ಲಿ ಕನೆಕ್ಸಿನ್ ಎಂಬ ಪ್ರೋಟೀನಿನಿಂದಾದ ಅತಿಸೂಕ್ಷ್ಮ ಕೊಳವೆಗಳು. ಅವುಗಳ ಮೂಲಕ ಸಣ್ಣ ಅಣುಗಳು ಅತ್ತಿಂದಿತ್ತ ಹರಿದಾಡುತ್ತವೆ. ಅಂಡಾಣುವಿಗೆ ಸಕ್ಕರೆಯನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ತೀರ ಕಡಿಮೆ. ಕೂಸಿಗೆ ತಾಯಿ ಅನ್ನವನ್ನು ನುಣ್ಣಗೆ ಕಿವುಚಿ ಬಾಯಿಗಿಡುವ ಹಾಗೆ, ಸುತ್ತಲಿನ ಕೋಶಗಳು ಗ್ಲೂಕೋಸನ್ನು ಪೈರುವೇಟ್ ಎಂಬ ರೂಪಕ್ಕೆ ಒಡೆದು ಅದಕ್ಕೆ ಕೊಡುತ್ತವೆ. 1997ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಇಲಿಗಳಲ್ಲಿ ಈ ಕೊಳವೆಗಳಿಗೆ ಬೇಕಾದ ಕನೆಕ್ಸಿನ್-37 ಜೀನನ್ನು ತೆಗೆದು ನೋಡಿದರು. ಅಂಡಾಣುವಿನ ಜೀನುಗಳಲ್ಲಿ ಬೇರೆ ಯಾವ ಕೊರತೆಯೂ ಇರಲಿಲ್ಲ. ಆದರೂ ಅದು ಪೂರ್ಣ ಗಾತ್ರಕ್ಕೆ ಬೆಳೆಯಲಿಲ್ಲ. ಒಂದೇ ಒಂದು ಫಾಲಿಕಲ್ ಕೂಡ ಬಲಿಯಲಿಲ್ಲ.

ಇಷ್ಟು ಕೇಳಿದರೆ ಅಂಡಾಣು ಉಣ್ಣಿಸಿದರೆ ಉಂಡು ಬೆಳೆಯುವ ಪಾಪದ ಜೀವ ಅನ್ನಿಸಬಹುದು. ನಾನು ಓದಿದ ಪ್ರಯೋಗಗಳಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಈ ಕಲ್ಪನೆಯನ್ನು ತಲೆಕೆಳಗು ಮಾಡಿದ ಪ್ರಯೋಗ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾಕ್ಸನ್ ಲ್ಯಾಬೊರೇಟರಿ ಎಂಬ ಸಂಸ್ಥೆಯಿದೆ; ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಇಲಿಗಳನ್ನು ಒದಗಿಸುವ ಜಾಗ. ಅಲ್ಲಿನ ಜಾನ್ ಎಪ್ಪಿಗ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅದಲುಬದಲು ಮಾಡಿದರು. ಹನ್ನೆರಡು ದಿನದ ಇಲಿಮರಿಯ, ಅರ್ಧ ಬೆಳೆದ ಅಂಡಾಣುಗಳನ್ನು ತೆಗೆದುಕೊಂಡರು. ಆಗತಾನೆ ಹುಟ್ಟಿದ ಮರಿಯ ಅಂಡಾಶಯವನ್ನು ಬಿಡಿಬಿಡಿಯಾಗಿಸಿ, ಅದರ ಎಳೆಯ ಸುತ್ತುಕೋಶಗಳ ಜತೆ ಈ ಅರೆಬೆಳೆದ ಅಂಡಾಣುಗಳನ್ನು ಬೆರೆಸಿ ಒಟ್ಟುಗೂಡಿಸಿದರು. ಆ ಮುದ್ದೆಯನ್ನು ಇನ್ನೊಂದು ಇಲಿಯ ಮೂತ್ರಪಿಂಡದ ಹೊರಪೊರೆಯಡಿ ಕಸಿಮಾಡಿದರು. ರಕ್ತ ಚೆನ್ನಾಗಿ ಸಿಗುವ ತಾವು ಅದು. ಸುತ್ತುಕೋಶಗಳದ್ದೇ ಆಡಳಿತವಾಗಿದ್ದರೆ ಫಾಲಿಕಲ್‌ಗಳು ಎಳೆ ಅಂಡಾಶಯದ ನಿಧಾನಗತಿಯಲ್ಲೇ ಬೆಳೆಯಬೇಕಿತ್ತು. ಆಗಿದ್ದು ಬೇರೆ. ಅವು ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಬೆಳೆದವು. ವಯಸ್ಸಾದ ಅಂಡಾಣು ತನ್ನ ವಯಸ್ಸಿಗೆ ತಕ್ಕಂತೆ ಎಳೆಯ ಕೋಶಗಳನ್ನು ಎಬ್ಬಿಸಿ ದುಡಿಸಿಕೊಂಡಿತ್ತು. ಬೆಳವಣಿಗೆಯ ಗಡಿಯಾರ ಅಂಡಾಣುವಿನ ಕೈಯಲ್ಲಿದೆ.

ಆಜ್ಞೆ ಹೋಗುವುದು ಹೇಗೆ? ಅಂಡಾಣು ಸ್ರವಿಸುವ ಎರಡು ಪ್ರೋಟೀನುಗಳ ಮೂಲಕ: ಜಿಡಿಎಫ್-9 ಮತ್ತು ಬಿಎಂಪಿ-15. ಅವು ಸುತ್ತಲಿನ ಕೋಶಗಳಿಗೆ ‘ಇಬ್ಭಾಗವಾಗಿ’, ‘ಗ್ಲೂಕೋಸ್ ಒಡೆಯಿರಿ’, ‘ಈಗಲೇ ರೂಪ ಬದಲಿಸಬೇಡಿ’ ಎಂದು ಹೇಳುತ್ತವೆ. 1996ರಲ್ಲಿ ಹ್ಯೂಸ್ಟನ್ನಿನಲ್ಲಿ ಜಿಡಿಎಫ್-9 ಇಲ್ಲದ ಇಲಿಗಳನ್ನು ಬೆಳೆಸಿದಾಗ ಸುತ್ತುಕೋಶಗಳು ಒಂದು ಪದರದಿಂದ ಎರಡನೆಯದಕ್ಕೆ ಹೋಗದೆ ನಿಂತುಬಿಟ್ಟವು. ತನಗೆ ಉಣಿಸುವವರನ್ನು ಅಂಡಾಣುವೇ ಬೆಳೆಸಿಕೊಳ್ಳುತ್ತದೆ, ಅವರು ಉಣಿಸಿದ್ದರಿಂದ ತಾನು ಬೆಳೆಯುತ್ತದೆ.

ಈ ಪ್ರೋಟೀನುಗಳ ಕತೆಯಲ್ಲಿ ಕುರಿಗಳದ್ದೊಂದು ದೊಡ್ಡ ಪಾತ್ರವಿದೆ, ಅದರ ಒಂದು ತುದಿ ನಮ್ಮ ನೆಲದಲ್ಲೇ ಇದೆ. ಬಂಗಾಳದ ಸುಂದರಬನದಲ್ಲಿ ಗರೋಲ್ ಎಂಬ ಸಣ್ಣ ಜಾತಿಯ ಕುರಿ. ಒಂದೇ ಸೂಲಿಗೆ ಎರಡು ಮೂರು ಮರಿ ಹಾಕುವುದು ಅದಕ್ಕೆ ಮಾಮೂಲು. 1790ರ ದಶಕದ ಆರಂಭದಲ್ಲಿ ಕಲ್ಕತ್ತೆಯಿಂದ ಹಡಗೇರಿದ ಬಂಗಾಳದ ಕುರಿಗಳು ಆಸ್ಟ್ರೇಲಿಯಾ ಸೇರಿದವು. ಮುಂದೆ ನ್ಯೂ ಸೌತ್ ವೇಲ್ಸ್‌ನ ಕೂಮಾ ಸಮೀಪದ ಬೂರೂಲಾ ಎಂಬಲ್ಲಿನ ಮೆರಿನೋ ಮಂದೆಯಲ್ಲಿ ಅವಳಿ ತ್ರಿವಳಿ ಮರಿಗಳು ಸಾಲುಸಾಲಾಗಿ ಹುಟ್ಟುವುದನ್ನು ಕುರಿ ಮಾಲೀಕರು ಗಮನಿಸಿದರು. ವಿಜ್ಞಾನಿಗಳು ದಶಕಗಟ್ಟಲೆ ಬೆನ್ನುಹತ್ತಿದರು. 2001ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು: ಬಿಎಂಪಿ ಸಂದೇಶಗಳನ್ನು ಹಿಡಿಯುವ ರಿಸೆಪ್ಟರಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಮುಂದಿನ ವರ್ಷವೇ ಗರೋಲ್ ಕುರಿಗಳಲ್ಲೂ ಅದೇ ಬದಲಾವಣೆ ಸಿಕ್ಕಿತು. ಇಂಥ ಕುರಿಗಳಲ್ಲಿ ಫಾಲಿಕಲ್‌ಗಳು ಸಣ್ಣದಿರುವಾಗಲೇ, ಕಡಿಮೆ ಗ್ರಾನ್ಯುಲೋಸಾ ಕೋಶಗಳಿಟ್ಟುಕೊಂಡೇ ಬಲಿಯುತ್ತವೆ. ಹಾಗಾಗಿ ಒಂದರ ಬದಲು ಹಲವು ಒಟ್ಟಿಗೆ ಒಡೆಯುತ್ತವೆ.

ನ್ಯೂಜಿಲೆಂಡಿನ ಇನ್ವರ್ಡೇಲ್ ಕುರಿಗಳ ಕತೆ ಇನ್ನೂ ವಿಚಿತ್ರ. ಅವುಗಳಲ್ಲಿ ಕೆಟ್ಟಿದ್ದು ಬಿಎಂಪಿ-15 ಜೀನೇ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕುರಿ ಅವಳಿ ಹೆರುತ್ತದೆ. ಎರಡೂ ಕೆಟ್ಟರೆ ಆ ಕುರಿ ಬಂಜೆ. ಫಾಲಿಕಲ್ ಮೊದಲ ಪದರದಲ್ಲೇ ನಿಂತುಹೋಗುತ್ತದೆ. ಅಂಡಾಣುವಿನ ದನಿ ಸ್ವಲ್ಪ ತಗ್ಗಿದರೆ ಫಲ ಹೆಚ್ಚು, ಪೂರ್ತಿ ಅಡಗಿದರೆ ಫಲವೇ ಇಲ್ಲ! ಇಂಥ ಎರಡು ಮುಖದ ಜೀನು ಬಿಎಂಪಿ-15 ಎಂಬುದು ಪ್ರಕಟವಾದದ್ದು 2000ನೇ ಇಸವಿಯಲ್ಲಿ.

ಗರೋಲ್‌ನ ಜೀನು ದಖ್ಖನಿಗೂ ಬಂದಿದೆ. ಮಹಾರಾಷ್ಟ್ರದ ಸತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಗರೋಲ್‌ ಅನ್ನು ದಖ್ಖನಿ ಕುರಿಯ ಜತೆ ಸೇರಿಸಿ ನಾರಿ ಸುವರ್ಣ ತಳಿಯನ್ನು ರೂಪಿಸಿತು. ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಇದು ಅವಳಿ ಹಾಕುತ್ತದೆ. ನಮ್ಮ ರಾಜ್ಯದ ಕುರಿ ಸಾಕುವವರ ಬಾಯಲ್ಲೂ ಈಗ ಆ ಹೆಸರಿದೆ. ಎರಡು ಮರಿ ಕಂಡು ಖುಷಿಪಡುವ ಆ ರೈತ ನೋಡುತ್ತಿರುವುದು ಅಂಡಾಣುವಿಗೂ ಅದರ ಸುತ್ತಲಿನ ಕೋಶಗಳಿಗೂ ನಡುವಿನ ಮಾತಿನಲ್ಲಾದ ಒಂದಕ್ಷರದ ವ್ಯತ್ಯಾಸವನ್ನು.

ಪೊರೆಯಾಚೆ ನಿಂತ ಥೀಕಾ ಕೋಶಗಳ ಪಾಲು ಬೆಳಕಿಗೆ ಬಂದದ್ದು ಸ್ವೀಡನ್ನಿನಲ್ಲಿ, ಇಲಿಯ ಕಣ್ಣಿನೊಳಗೆ. 1959ರ ಮಾತು. ಹೆಣ್ತನದ ಹಾರ್ಮೋನು ಈಸ್ಟ್ರೋಜನ್ ತಯಾರಾಗುವುದು ಯಾವ ಕೋಶದಲ್ಲಿ ಎಂಬ ವಾದ ಆಗ ಜೋರಾಗಿತ್ತು. ಬೆಂಗ್ಟ್ ಫಾಲ್ಕ್ ಎಂಬ ವಿಜ್ಞಾನಿ ಇಲಿಯ ಫಾಲಿಕಲ್ ಬಿಡಿಸಿ ಥೀಕಾ, ಗ್ರಾನ್ಯುಲೋಸಾಗಳ ಚೂರುಗಳನ್ನು ಬೇರ್ಪಡಿಸಿದರು. ಅವನ್ನು ಇಲಿಯ ಕಣ್ಣಿನ ಮುಂಭಾಗದ ದ್ರವದಲ್ಲಿ ಕಸಿಮಾಡಿ, ಪಕ್ಕದಲ್ಲೇ ಯೋನಿಯ ಒಳಪದರದ ತುಣುಕೊಂದನ್ನು ಇಟ್ಟರು. ಆ ತುಣುಕು ಈಸ್ಟ್ರೋಜನ್ ಸಿಕ್ಕರೆ ದಪ್ಪಗಾಗಿ ಗಟ್ಟಿಯಾಗುತ್ತದೆ, ಸಿಗದಿದ್ದರೆ ಇಲ್ಲ. ಪಾರದರ್ಶಕ ಕಣ್ಣಿನಲ್ಲಿ ಅದು ಎದುರಿಗೇ ಇರುತ್ತದೆ. ಥೀಕಾ ಒಂದನ್ನೇ ಇಟ್ಟಾಗ ಏನೂ ಆಗಲಿಲ್ಲ. ಗ್ರಾನ್ಯುಲೋಸಾ ಒಂದನ್ನೇ ಇಟ್ಟಾಗಲೂ ಆಗಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಆಯಿತು. ಥೀಕಾ ಎಲ್‌ಎಚ್ ಕರೆಗೆ ಓಗೊಟ್ಟು ಗಂಡು ಹಾರ್ಮೋನುಗಳನ್ನು ತಯಾರಿಸುತ್ತದೆ; ಅವು ಪೊರೆ ದಾಟಿ ಒಳಗೆ ಹೋದಾಗ ಗ್ರಾನ್ಯುಲೋಸಾ ಎಫ್‌ಎಸ್‌ಎಚ್ ಬಲದಿಂದ ಅವನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ನಮ್ಮೂರುಗಳಲ್ಲಿ ಪಿಸಿಒಡಿ ಎಂದು ಕರೆಯುವ ತೊಂದರೆಯ ತಿರುಳು ಇಲ್ಲಿದೆ. ‘ಅಂಡಾಶಯದಲ್ಲಿ ನೀರುಗುಳ್ಳೆ’ ಎಂದು ಕೇಳಿ ಹುಡುಗಿಯರು ಹೆದರಿಬಿಡುತ್ತಾರೆ, ಗೆಡ್ಡೆಯೋ ಏನೋ ಎಂದು. ಅವು ಗೆಡ್ಡೆಗಳಲ್ಲ, ರೋಗದ ಗುಳ್ಳೆಗಳೂ ಅಲ್ಲ. 2ರಿಂದ 9 ಎಂ.ಎಂ. ಗಾತ್ರದಲ್ಲಿ ಬೆಳವಣಿಗೆ ನಿಲ್ಲಿಸಿದ ಫಾಲಿಕಲ್‌ಗಳು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಥೀಕಾ ಅಳತೆಮೀರಿ ಗಂಡು ಹಾರ್ಮೋನು ತಯಾರಿಸುತ್ತದೆ, ಒಳಗಿನವರ ಕೆಲಸ ಅದಕ್ಕೆ ಸರಿಸಮ ನಡೆಯುವುದಿಲ್ಲ, ಯಾವ ಫಾಲಿಕಲ್ಲೂ ಮುಂದೆ ಬರುವುದಿಲ್ಲ. ಮುಖದ ಕೂದಲು, ಮೊಡವೆ, ತಪ್ಪುವ ಮುಟ್ಟು ಎಲ್ಲ ಇದರ ಬೆನ್ನಿಗೇ ಬರುತ್ತವೆ. ಮೈತೂಕ ಸ್ವಲ್ಪ ಇಳಿದರೂ ಕೆಲವರಿಗೆ ಮುಟ್ಟು ಸರಿಹೋಗುವುದು ಇನ್ಸುಲಿನ್ ಇಳಿಯುವುದರಿಂದ. ವೈದ್ಯರು ಬರೆಯುವ ಲೆಟ್ರೋಜೋಲ್ ಮಾತ್ರೆ ಮುಟ್ಟುವುದು ಫಾಲ್ಕ್ ಪ್ರಯೋಗ ಸುಳಿವು ಕೊಟ್ಟ ಎರಡನೇ ಮೆಟ್ಟಿಲನ್ನೇ. ಗ್ರಾನ್ಯುಲೋಸಾದ ಈಸ್ಟ್ರೋಜನ್ ತಯಾರಿಕೆಯನ್ನು ಕೆಲವು ದಿನ ತಡೆದರೆ, ಈಸ್ಟ್ರೋಜನ್ ಸಾಲದೆಂದು ಪಿಟ್ಯೂಟರಿ ಇನ್ನಷ್ಟು ಎಫ್‌ಎಸ್‌ಎಚ್ ಕಳಿಸುತ್ತದೆ, ನಿಂತ ಫಾಲಿಕಲ್ ಒಂದು ಕದಲುತ್ತದೆ.

ಸುತ್ತಲಿನ ಕೋಶಗಳು ಅಂಡಾಣುವನ್ನು ಬೆಳೆಸುವಷ್ಟೇ ಮುಖ್ಯವಾಗಿ ತಡೆದೂ ಇಡುತ್ತವೆ. ಗರ್ಭದಲ್ಲಿದ್ದಾಗಲೇ ಶುರುವಾದ ಅಂಡಾಣುವಿನ ಕೋಶವಿಭಜನೆ ಅರ್ಧಕ್ಕೆ ನಿಂತಿರುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಾಗೇ ನಿಂತಿರುತ್ತದೆ. ವಿಜ್ಞಾನಿಗಳಾದ ಗ್ರೆಗರಿ ಪಿಂಕಸ್ ಮತ್ತು ಎನ್ಜ್‌ಮನ್ 1935ರಲ್ಲಿ ಮೊಲದ ಅಂಡಾಣುವನ್ನು ಫಾಲಿಕಲ್‌ನಿಂದ ಹೊರತೆಗೆದು ಬರಿದೇ ಬಿಟ್ಟರು. ಯಾವ ಹಾರ್ಮೋನೂ ಇಲ್ಲದೆ ವಿಭಜನೆ ತಾನಾಗಿ ಮುಂದುವರಿಯಿತು. ಅಂದರೆ ಅದನ್ನು ತಡೆದಿಟ್ಟಿದ್ದು ಫಾಲಿಕಲ್. ಗ್ರಾನ್ಯುಲೋಸಾದಿಂದ ಸೂಕ್ಷ್ಮ ಕೊಳವೆಗಳ ಮೂಲಕ ಸೈಕ್ಲಿಕ್ ಜಿಎಂಪಿ ಎಂಬ ಪುಟ್ಟ ಅಣು ಸತತವಾಗಿ ಹರಿದುಬರುತ್ತದೆ, ಅದಿರುವವರೆಗೆ ಅಂಡಾಣು ಕದಲುವುದಿಲ್ಲ. ತಿಂಗಳ ನಡುವೆ ಎಲ್‌ಎಚ್ ಉಕ್ಕಿದಾಗ ಆ ಹರಿವು ಕಡಿಮೆಯಾಗುತ್ತದೆ, ಕೊಳವೆಗಳು ಮುಚ್ಚಿಕೊಳ್ಳುತ್ತವೆ, ಅಂಡಾಣು ಬಿಡುಗಡೆಗೊಳ್ಳುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ: ಎಲ್‌ಎಚ್ ಹಿಡಿಯುವ ರಿಸೆಪ್ಟರ್‌ಗಳಿರುವುದು ಫಾಲಿಕಲ್‌ನ ಹೊರಗೋಡೆಯ ಕೋಶಗಳಲ್ಲಿ. ಅವು ಸುದ್ದಿಯನ್ನು ಒಳಗಿನ ಕೋಶಗಳಿಗೆ ದಾಟಿಸುತ್ತವೆ, ಅಲ್ಲಿಂದ ಅದು ಅಂಡಾಣು ಮುಟ್ಟುತ್ತದೆ. ಐವಿಎಫ್‌ನಲ್ಲಿ ಎಲ್‌ಎಚ್ ಉಕ್ಕಿನ ಬದಲಿಗೆ ಟ್ರಿಗರ್ ಇಂಜೆಕ್ಷನ್ ಕೊಟ್ಟು 34ರಿಂದ 36 ಗಂಟೆ ಕಾದೇ ಅಂಡಾಣು ತೆಗೆಯುವುದು, ರಾತ್ರಿ ಹನ್ನೊಂದಕ್ಕೆ ಅಲಾರಂ ಇಟ್ಟು ಚುಚ್ಚಿಸಿಕೊಳ್ಳಿ ಎಂದು ಹೇಳುವುದು ಈ ಸರಣಿ ಮುಗಿಯಲೆಂದು.

ಐವಿಎಫ್ ಮಾಡಿಸಿದರೆ ಮೊಟ್ಟೆಗಳೆಲ್ಲ ಬೇಗ ಖಾಲಿಯಾಗುತ್ತವೆ ಎಂಬ ಭಯ ಬಹಳ ಜನರಲ್ಲಿದೆ. ಅದಕ್ಕೆ ಆಧಾರವಿಲ್ಲ. ಪ್ರತಿ ತಿಂಗಳೂ ಹಲವು ಫಾಲಿಕಲ್‌ಗಳು ಒಟ್ಟಿಗೆ ಮುಂದೆ ಬರುತ್ತವೆ. ಅವುಗಳಲ್ಲಿ ಒಂದು ಮುಂಚೂಣಿಗೆ ಬಂದು ಹೆಚ್ಚು ಈಸ್ಟ್ರೋಜನ್ ಮತ್ತು ಇನ್‌ಹಿಬಿನ್ ಎಂಬ ಹಾರ್ಮೋನನ್ನು ಹೊರಬಿಟ್ಟು ಪಿಟ್ಯೂಟರಿಯ ಎಫ್‌ಎಸ್‌ಎಚ್ ತಗ್ಗಿಸುತ್ತದೆ. ಉಳಿದವು ಆಹಾರವಿಲ್ಲದೆ ಸಾಯುತ್ತವೆ. ಇಂಜೆಕ್ಷನ್ ಕೊಡುವ ಎಫ್‌ಎಸ್‌ಎಚ್ ಬದುಕಿಸುವುದು ಹೇಗೂ ಸಾಯಲಿದ್ದ ಆ ಒಡಹುಟ್ಟುಗಳನ್ನು. ಮಲಗಿರುವ ದಾಸ್ತಾನಿನ ಮೇಲೆ ಅದು ಕೈಹಾಕುವುದಿಲ್ಲ.

ಆ ದಾಸ್ತಾನನ್ನು ಕಾಯುವ ಮಾತೊಂದಿದೆ: ಎಎಂಎಚ್. ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳ ಗ್ರಾನ್ಯುಲೋಸಾ ಕೋಶಗಳು ಇದನ್ನು ಹೊರಬಿಟ್ಟು, ಮಲಗಿರುವವರಿಗೆ ಇನ್ನೂ ಮಲಗಿರಿ ಎನ್ನುತ್ತವೆ. 1999ರಲ್ಲಿ ರೋಟರ್‌ಡ್ಯಾಮಿನ ತಂಡ ಎಎಂಎಚ್ ಇಲ್ಲದ ಇಲಿಗಳಲ್ಲಿ ದಾಸ್ತಾನು ಬೇಗ ಬರಿದಾಗುವುದನ್ನು ತೋರಿಸಿತು. ಈಗ ಪ್ರತಿ ಲ್ಯಾಬಿನಲ್ಲೂ ಎಎಂಎಚ್ ಟೆಸ್ಟ್ ಇದೆ. ಮದುವೆಯಾಗಿ ಆರು ತಿಂಗಳಿಗೇ ಮಾಡಿಸಿ, ಕಡಿಮೆ ಬಂತೆಂದು ಅಳುವ ಹುಡುಗಿಯರಿದ್ದಾರೆ. ಅವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದೆಂದು ಅಂದಾಜು ಮಾಡಲು ಆ ಸಂಖ್ಯೆ ಉಪಯುಕ್ತ. ಸಹಜವಾಗಿ ಬಸಿರಾಗುತ್ತೀರೋ ಇಲ್ಲವೋ ಎಂದು ಅದು ಹೇಳಲಾರದು. 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಬಸಿರಾದರು. ಎಎಂಎಚ್ ಎಂಬುದು ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳು ಎಷ್ಟಿವೆ ಎಂಬುದರ ಕುರುಹು. ಅವುಗಳೊಳಗಿನ ಅಂಡಾಣುವಿನ ಗುಣ ಹೇಗಿದೆ, ಸುತ್ತಲಿನ ಕೋಶಗಳು ಹೇಗೆ ನೋಡಿಕೊಳ್ಳುತ್ತಿವೆ ಎಂಬುದು ಆ ರಕ್ತದ ಹನಿಯಲ್ಲಿ ಬರೆದಿರುವುದಿಲ್ಲ.

ಮಾತು ರಾಸಾಯನಿಕಗಳದ್ದೇ ಆಗಬೇಕೆಂದಿಲ್ಲ. ಅಂಡಾಶಯದ ಹೊರಪದರ ಗಟ್ಟಿ. ಆ ಒತ್ತಡವೇ ಫಾಲಿಕಲ್‌ಗಳನ್ನು ಮಲಗಿಸಿಡುವಲ್ಲಿ ಪಾಲು ಪಡೆದಿದೆ. ಜಪಾನಿನ ಕವಾಮುರ ಮತ್ತು ಸ್ಟ್ಯಾನ್‌ಫರ್ಡಿನ ಆರನ್ ಶ್ವೇ 2013ರಲ್ಲಿ ಅಕಾಲಕ್ಕೆ ಮುಟ್ಟು ನಿಂತವರ ಅಂಡಾಶಯದ ತುಣುಕುಗಳನ್ನು ಸಣ್ಣಗೆ ಹೆಚ್ಚಿ, ಔಷಧದಲ್ಲಿಟ್ಟು ಮರಳಿ ಕಸಿಮಾಡಿದಾಗ ಕೆಲವರಲ್ಲಿ ಫಾಲಿಕಲ್ ಬೆಳೆದು, ಒಬ್ಬರಿಗೆ ಮಗು ಹುಟ್ಟಿತು. ಇದಿನ್ನೂ ಪ್ರಯೋಗದ ಹಂತದ್ದು. ಖಚಿತ ಚಿಕಿತ್ಸೆಯೆಂದು ಯಾರಾದರೂ ಹೇಳಿದರೆ ಎಚ್ಚರವಾಗಿರಿ.

ಈ ಮಾತನ್ನೆಲ್ಲ ದೇಹದ ಹೊರಗೆ ಮರುಸೃಷ್ಟಿಸಬಹುದೇ? ಪ್ರಶ್ನೆ ಕುತೂಹಲದ್ದಷ್ಟೇ ಅಲ್ಲ. ಕ್ಯಾನ್ಸರಿನ ಕೆಲವು ಚಿಕಿತ್ಸೆಗಳು ಅಂಡಾಶಯವನ್ನು ಸುಡುತ್ತವೆ. ಚಿಕಿತ್ಸೆಗೆ ಮುನ್ನ ಹುಡುಗಿಯ ಅಂಡಾಶಯದ ತುಣುಕನ್ನು ಶೀತಲೀಕರಿಸಿಟ್ಟು ಆಮೇಲೆ ಕಸಿಮಾಡಬಹುದು. ಹಾಗೆ ಮಗು ಹುಟ್ಟಿದ ಮೊದಲ ವರದಿ 2004ರಲ್ಲಿ ಬೆಲ್ಜಿಯಮ್ಮಿನಿಂದ ಬಂತು. ಆದರೆ ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಆ ತುಣುಕಿನ ಜತೆ ಕ್ಯಾನ್ಸರ್ ಕೋಶಗಳೂ ಮರಳುವ ಅಪಾಯವಿದೆ. ಅವರಿಗೆ ಬೇಕಿರುವುದು ಫಾಲಿಕಲ್‌ಗಳನ್ನು ಪ್ರಯೋಗಾಲಯದಲ್ಲೇ ಬೆಳೆಸಿ ಅಂಡಾಣುವನ್ನಷ್ಟೇ ತೆಗೆದುಕೊಳ್ಳುವ ದಾರಿ. ಎಡಿನ್‌ಬರೋದ ಎವೆಲಿನ್ ಟೆಲ್ಫರ್ ತಂಡ 2018ರಲ್ಲಿ, ಸಿಸೇರಿಯನ್ ವೇಳೆ ತಾಯಂದಿರು ಒಪ್ಪಿ ಕೊಟ್ಟ ಅಂಡಾಶಯದ ಚೂರುಗಳಿಂದ ಆರಂಭಿಸಿ, ಹಂತಹಂತವಾಗಿ ಮಾಧ್ಯಮ ಬದಲಿಸುತ್ತ, ಕೆಲವೇ ಕೆಲವು ಅಂಡಾಣುಗಳನ್ನು ಫಲೀಕರಣಕ್ಕೆ ಮುಂಚಿನ ಕೊನೆಯ ಹಂತದವರೆಗೆ ತಂದಿತು. ವಿಭಜನೆಯಲ್ಲಿ ಹೊರಬೀಳುವ ಪೋಲಾರ್ ಬಾಡಿ ಎಂಬ ಪುಟ್ಟ ಕೋಶ ಅವುಗಳಲ್ಲಿ ಸಹಜಕ್ಕಿಂತ ದೊಡ್ಡದಾಗಿತ್ತು. ಅಂಡಾಣು ತನ್ನ ತಿರುಳನ್ನು ತನ್ನಲ್ಲೇ ಉಳಿಸಿಕೊಂಡು ಇಷ್ಟೇ ಇಷ್ಟನ್ನು ಬಿಟ್ಟುಕೊಡಬೇಕು. ಇಲ್ಲಿ ಹೆಚ್ಚು ಬಿಟ್ಟುಕೊಟ್ಟಿತ್ತು. ದೇಹದೊಳಗೆ ಹಲವು ತಿಂಗಳು ನಡೆಯುವ ಬೆಳವಣಿಗೆಯನ್ನು ಕೆಲವೇ ವಾರಗಳಿಗೆ ಇಳಿಸಿದಾಗ ಯಾವ ಕೋಶ ಯಾರಿಗೆ ಹೇಳಬೇಕಿದ್ದ ಯಾವ ಮಾತು ತಪ್ಪಿಹೋಯಿತು ಎಂಬುದನ್ನು ಪತ್ತೆಹಚ್ಚುವುದೇ ಈಗ ಆ ಕ್ಷೇತ್ರದವರ ಮುಂದಿರುವ ಕೆಲಸ.